ಬಚ್ಚಲ ನೀರಿಗೆ ಬೇರೆ ಪೈಪು: ನಗರಸಭೆ ಕಡ್ಡಾಯ ಮಾಡಬಹುದೇ?

ಪ್ರಶ್ನೆ: ನಾವು ಕೊಪ್ಪಳ ಜಿಲ್ಲೆಯ ಪಟ್ಟಣವೊಂದರ ಹೊಸ ಬಡಾವಣೆಯವರು. ಬೇಸಿಗೆ ಬಂತೆಂದರೆ ಟ್ಯಾಂಕರ್ ನೀರೇ ಗತಿ. ಇತ್ತ ಬಚ್ಚಲ ನೀರು, ಬಟ್ಟೆ ತೊಳೆದ ನೀರು ಗಟಾರ ತುಂಬಿ ರಸ್ತೆಗೆ ಹರಿಯುತ್ತದೆ. ಹೊಸದಾಗಿ ಏಳುತ್ತಿರುವ ಅಪಾರ್ಟ್‌ಮೆಂಟ್‌ಗಳಿಗಾದರೂ ಮಳೆನೀರು ಕೊಯ್ಲು ಮತ್ತು ಬೂದು ನೀರಿನ (ಬಚ್ಚಲು, ಬಟ್ಟೆ ತೊಳೆದ ನೀರಿನ) ಮರುಬಳಕೆ ಕಡ್ಡಾಯ ಮಾಡಿ ಎಂದು ಸಂಘದಿಂದ ಅರ್ಜಿ ಕೊಟ್ಟೆವು. "ಅದು ಬೆಂಗಳೂರು ಕಾನೂನ್ರೀ, ನಮಗ ಅಧಿಕಾರ ಇಲ್ಲ, ಮ್ಯಾಲಿಂದ ಆರ್ಡರ್ ಬರಬೇಕು" ಎಂಬ ಉತ್ತರ ಬಂತು. ನಿಜವೇ? ನಾನೂ 30×40 ಸೈಟಿನಲ್ಲಿ ಮನೆ ಕಟ್ಟಿಸಲು ಹೊರಟಿದ್ದೇನೆ. ಕಾನೂನು ಬರಲಿ ಬಿಡಲಿ, ಈಗಲೇ ಏನೇನು ಮಾಡಿಸಿಕೊಳ್ಳಬೇಕು?

ಉತ್ತರ: ಅವರು ಹೇಳಿದ್ದರಲ್ಲಿ ಅರ್ಧ ನಿಜ. ಬೆಂಗಳೂರಿನ ಕಾನೂನು ನಿಮ್ಮ ಊರಿಗೆ ಹತ್ತುವುದಿಲ್ಲ, ಅದು ಸರಿ. ಅಧಿಕಾರವೇ ಇಲ್ಲ ಎಂದದ್ದು ಸರಿಯಲ್ಲ.

ಎಲ್ಲರ ಬಾಯಲ್ಲಿರುವ ಆ 'ಬೆಂಗಳೂರು ಕಾನೂನು' ಎಂದರೆ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಅಧಿನಿಯಮಕ್ಕೆ 2009ರಲ್ಲಿ ಸೇರಿಸಿದ 72-ಎ ಕಲಂ. 60×40 ಮತ್ತು ಅದಕ್ಕೂ ದೊಡ್ಡ ನಿವೇಶನದ ಹಳೆಯ ಕಟ್ಟಡಗಳು, 30×40 ಮತ್ತು ಮೇಲ್ಪಟ್ಟ ನಿವೇಶನದಲ್ಲಿ ಕಟ್ಟುವ ಹೊಸ ಕಟ್ಟಡಗಳು ಮಳೆನೀರು ಕೊಯ್ಲು ಅಳವಡಿಸಲೇಬೇಕು ಎಂಬುದು ಅದರ ಸಾರ. ಅದನ್ನು ಜಾರಿ ಮಾಡುವ ಮಂಡಳಿಗೆ ಕೊಪ್ಪಳ, ರಾಯಚೂರು, ಬಳ್ಳಾರಿಗಳಲ್ಲಿ ಕೆಲಸವಿಲ್ಲ. ನಮ್ಮ ಕಡೆ ಕುಡಿಯುವ ನೀರು, ಯುಜಿಡಿ (ಒಳಚರಂಡಿ) ಯೋಜನೆಗಳನ್ನು ಕಟ್ಟಿಕೊಡುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ನಳ ಕೊಡುವುದು, ಮನೆ ನಕ್ಷೆಗೆ ಪರವಾನಗಿ ಕೊಡುವುದು, ಕರ ವಸೂಲಿ ಮಾಡುವುದು ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ಕೆಲಸ. ಅಂದರೆ ಬೆಂಗಳೂರಿನಲ್ಲಿ ನೀರು ಕೊಡುವವರು ಬೇರೆ, ಕಟ್ಟಡಕ್ಕೆ ಲೈಸೆನ್ಸ್ ಕೊಡುವವರು ಬೇರೆ. ನಿಮ್ಮಲ್ಲಿ ಎರಡೂ ಒಂದೇ ಕಚೇರಿಯಲ್ಲಿವೆ. ಒಂದು ಲೆಕ್ಕಕ್ಕೆ ನಿಮ್ಮವರ ಕೈಯಲ್ಲಿರುವ ಹಿಡಿತವೇ ಗಟ್ಟಿ.

ಈಗ ಅಧಿಕಾರದ ಮೂಲಕ್ಕೆ ಬರೋಣ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಹನ್ನೆರಡನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆಂದು 18 ವಿಷಯಗಳನ್ನು ಪಟ್ಟಿ ಮಾಡಿದೆ. ಎರಡನೆಯದು ಭೂಬಳಕೆ ಮತ್ತು ಕಟ್ಟಡ ನಿರ್ಮಾಣದ ನಿಯಂತ್ರಣ, ಐದನೆಯದು ನೀರು ಸರಬರಾಜು, ಆರನೆಯದು ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯ. ನಿಮ್ಮ ಅರ್ಜಿ ಈ ಮೂರರ ಮೇಲೂ ನಿಂತಿದೆ. ಆದರೆ ಸಂವಿಧಾನದ ಪ್ರತಿ ಹಿಡಿದುಕೊಂಡು ಕಚೇರಿಗೆ ಹೋಗಬೇಡಿ. 243-ಡಬ್ಲ್ಯೂ ವಿಧಿ ಹೇಳುವುದು ಇಷ್ಟೇ: ರಾಜ್ಯದ ಶಾಸನಸಭೆ ಈ ಅಧಿಕಾರಗಳನ್ನು ಕೊಡಬಹುದು. ಕೊಟ್ಟಿದೆಯೋ ಇಲ್ಲವೋ ಎಂಬುದನ್ನು ರಾಜ್ಯದ ಕಾಯ್ದೆಯಲ್ಲೇ ಹುಡುಕಬೇಕು.

ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ಮಟ್ಟಿಗೆ ಅದು ಕರ್ನಾಟಕ ಪೌರಸಭೆಗಳ ಅಧಿನಿಯಮ, 1964. ಅದರ 187ನೇ ಕಲಂ ಪ್ರಕಾರ ಪೌರಸಭೆಯ ಅನುಮತಿ ಇಲ್ಲದೆ ಕಟ್ಟಡ ಕಟ್ಟುವಂತಿಲ್ಲ. 324ನೇ ಕಲಂ ಉಪವಿಧಿ, ಅಂದರೆ ಬೈಲಾ ಮಾಡುವ ಅಧಿಕಾರ ಕೊಡುತ್ತದೆ. ಬಳ್ಳಾರಿಯಂಥ ಮಹಾನಗರ ಪಾಲಿಕೆಗೆ 1976ರ ಪಾಲಿಕೆಗಳ ಅಧಿನಿಯಮ. ಊರಾಚೆ ಹಳ್ಳಿಯ ಗಡಿಯಲ್ಲಿ ಬಡಾವಣೆ ಬಂದಿದ್ದರೆ 1993ರ ಪಂಚಾಯತ್ ರಾಜ್ ಅಧಿನಿಯಮ. ಅದರ 64ನೇ ಕಲಂ ಗ್ರಾಮ ಪಂಚಾಯಿತಿಗೂ ಕಟ್ಟಡ ನಿಯಂತ್ರಿಸುವ ಅಧಿಕಾರ ಕೊಟ್ಟಿದೆ. ನಿಮ್ಮ ಸೈಟು ಯಾವ ಗಡಿಯೊಳಗಿದೆ ಎಂಬುದನ್ನು ಮೊದಲು ಖಾತ್ರಿ ಮಾಡಿಕೊಳ್ಳಿ. ಊರು ಬೆಳೆದಂತೆ ಗಡಿಯಲ್ಲಿರುವ ಬಡಾವಣೆಗಳು ಎರಡೂ ಕಚೇರಿಗಳ ನಡುವೆ ಚೆಂಡಾಗುವುದು ನಮ್ಮ ಮೂರೂ ಜಿಲ್ಲೆಗಳಲ್ಲಿ ಮಾಮೂಲು.

ಇನ್ನೊಂದು ಕಚೇರಿಯನ್ನೂ ಮರೆಯಬಾರದು. ಬಡಾವಣೆಯ ವಿನ್ಯಾಸ ನಕ್ಷೆ ಮಂಜೂರಾಗುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿಯ ಯೋಜನಾ ಪ್ರಾಧಿಕಾರದಲ್ಲಿ. ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಜೊತೆಗಿರುವ ವಲಯ ನಿಯಮಾವಳಿಯಲ್ಲಿ, ಅಂದರೆ ಯಾವ ಜಾಗದಲ್ಲಿ ಏನು, ಹೇಗೆ ಕಟ್ಟಬಹುದೆಂಬ ನಿಯಮಗಳಲ್ಲಿ, ಮಳೆನೀರು ಕೊಯ್ಲಿನ ಷರತ್ತು ಎಷ್ಟೋ ಕಡೆ ಮೊದಲೇ ಇರುತ್ತದೆ, ಯಾರೂ ತೆಗೆದು ಓದಿರುವುದಿಲ್ಲ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಎರಡು ವಿಷಯ ಕೇಳಿ: ಈಗ ಜಾರಿಯಲ್ಲಿರುವ ಕಟ್ಟಡ ಉಪವಿಧಿ ಮತ್ತು ವಲಯ ನಿಯಮಾವಳಿಯ ಪ್ರತಿ, ಕಳೆದ ಮೂರು ವರ್ಷದಲ್ಲಿ ಕೊಟ್ಟ ಪರವಾನಗಿಗಳಲ್ಲಿ ಎಷ್ಟಕ್ಕೆ ಮಳೆನೀರಿನ ಷರತ್ತು ಹಾಕಿದ್ದಾರೆ, ಎಷ್ಟನ್ನು ಸ್ಥಳಕ್ಕೆ ಹೋಗಿ ನೋಡಿದ್ದಾರೆ. ಎರಡನೇ ಪ್ರಶ್ನೆಗೆ ಬರುವ ಉತ್ತರವೇ ನಿಮ್ಮ ಮುಂದಿನ ಅರ್ಜಿಗೆ ಆಧಾರವಾಗುತ್ತದೆ.

"ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿಸಿಬಿಟ್ಟರೆ ಆಯಿತಲ್ಲ" ಎನ್ನುವವರು ಬಹಳ. ಆಗುವುದಿಲ್ಲ. ಬರೀ ಠರಾವಿನ ಬಲದ ಮೇಲೆ ದಂಡ ಹಾಕಿದರೆ, ಹೆಚ್ಚುವರಿ ಶುಲ್ಕ ಕೇಳಿದರೆ ಮೊದಲನೇ ರಿಟ್ ಅರ್ಜಿಯಲ್ಲೇ ಬಿದ್ದುಹೋಗುತ್ತದೆ. ಕಾನೂನಿನ ಆಧಾರವಿಲ್ಲದೆ ತೆರಿಗೆ ವಿಧಿಸುವಂತಿಲ್ಲ ಎಂದು ಸಂವಿಧಾನದ 265ನೇ ವಿಧಿಯೇ ಹೇಳುತ್ತದೆ. ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಆ ಕಾಯ್ದೆ ಕೊಟ್ಟಷ್ಟನ್ನೇ ಮಾಡಬೇಕು. ಸರಿಯಾದ ದಾರಿ ಉಪವಿಧಿ: ಕರಡು ಪ್ರಕಟಿಸಿ, ಆಕ್ಷೇಪಣೆ ಕರೆದು, ಸರ್ಕಾರದ ಮಂಜೂರಾತಿ ಪಡೆಯಬೇಕು. 'ಮ್ಯಾಲಿಂದ ಆರ್ಡರ್' ಎಂದು ನಿಮಗೆ ಹೇಳಿದ್ದರಲ್ಲಿ ಇರುವ ಸತ್ಯ ಈ ಕೊನೆಯ ಹೆಜ್ಜೆಯದು. ಆದರೆ ಕರಡು ಕಳಿಸದೆ ಮೇಲಿನವರು ಯಾವುದಕ್ಕೆ ಮಂಜೂರಾತಿ ಕೊಡಬೇಕು?

ಕರಡು ಬರೆಯಲು ಮಾದರಿಗೆ ಬರವಿಲ್ಲ. ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2016ರಲ್ಲಿ ಹೊರಡಿಸಿದ ಮಾದರಿ ಕಟ್ಟಡ ಉಪವಿಧಿಗಳು 100 ಚದರ ಮೀಟರ್ ಮತ್ತು ಮೇಲ್ಪಟ್ಟ ನಿವೇಶನಗಳಿಗೆ ಮಳೆನೀರು ಕೊಯ್ಲನ್ನೂ, ದಿನಕ್ಕೆ 10,000 ಲೀಟರ್ ಮತ್ತು ಹೆಚ್ಚು ತ್ಯಾಜ್ಯನೀರು ಬಿಡುವ ಕಟ್ಟಡಗಳಿಗೆ ಮರುಬಳಕೆ ವ್ಯವಸ್ಥೆಯನ್ನೂ ಹೇಳುತ್ತವೆ. ಇವು ಮಾದರಿ ಮಾತ್ರ, ತಾವಾಗಿಯೇ ಜಾರಿಯಾಗುವುದಿಲ್ಲ. ರಾಜ್ಯದ 2017ರ ನಗರ ತ್ಯಾಜ್ಯನೀರು ಮರುಬಳಕೆ ನೀತಿಯೂ ಹಾಗೆಯೇ. ಅದು ನೀತಿ, ಅದರ ಮೇಲೆ ಯಾರಿಗೂ ನೋಟಿಸ್ ಕೊಡಲಾಗದು. ನಿಮ್ಮ 30×40 ಸೈಟು ಸುಮಾರು 111 ಚದರ ಮೀಟರ್, ಮಾದರಿಯ ಮಳೆನೀರು ಕೊಯ್ಲಿನ ಮಿತಿಯೊಳಗೆ ಬರುತ್ತದೆ. ಇನ್ನು 10,000 ಲೀಟರ್ ಎಂದರೆ ಎಷ್ಟು ದೊಡ್ಡ ಕಟ್ಟಡ? ಎಂಜಿನಿಯರುಗಳು ತಲೆಗೆ ದಿನಕ್ಕೆ 135 ಲೀಟರ್ ಬಳಕೆ, ಅದರಲ್ಲಿ ಶೇ 80 ತ್ಯಾಜ್ಯವಾಗಿ ಹೊರಗೆ ಎಂದು ಲೆಕ್ಕ ಹಿಡಿಯುತ್ತಾರೆ. ಮನೆಗೆ ಐದು ಜನರಂತೆ 20 ಫ್ಲ್ಯಾಟಿನ ಕಟ್ಟಡದಿಂದ 10,800 ಲೀಟರ್ ಬರುತ್ತದೆ. ನಮ್ಮ ಊರುಗಳಲ್ಲಿ ಈಗ ಏಳುತ್ತಿರುವ ಎಂಟು, ಹನ್ನೆರಡು ಫ್ಲ್ಯಾಟಿನ ಕಟ್ಟಡಗಳು ಈ ಮಿತಿಯ ಕೆಳಗೇ ಉಳಿದುಬಿಡುತ್ತವೆ. ಮಾದರಿಯನ್ನು ಹಾಗೇ ನಕಲು ಮಾಡಿದರೆ ನಿಮ್ಮ ರಸ್ತೆಯ ಗಟಾರಕ್ಕೆ ಏನೂ ಉಪಯೋಗವಾಗುವುದಿಲ್ಲ. ಮಿತಿಯನ್ನು ಕೆಳಗಿಳಿಸಿ ಬರೆಯಬೇಕು.

ಬರೆಯುವುದೇನನ್ನು? ಇಲ್ಲಿ ನನ್ನ ಅಭಿಪ್ರಾಯ ಎಷ್ಟೋ ಅಧಿಕಾರಿಗಳಿಗೆ ಹಿಡಿಸುವುದಿಲ್ಲ. ಸಣ್ಣ, ಮಧ್ಯಮ ಕಟ್ಟಡಗಳಿಗೆ ಶುದ್ಧೀಕರಣ ಯಂತ್ರವನ್ನು ಕಡ್ಡಾಯ ಮಾಡಬೇಡಿ. ಪೈಪುಗಳನ್ನು ಬೇರೆ ಮಾಡುವುದನ್ನು ಕಡ್ಡಾಯ ಮಾಡಿ. ಹನ್ನೆರಡು ಮನೆಗಳಿಗೆ ಯಂತ್ರ ಕೂರಿಸಿದರೆ ಮೊದಲ ವರ್ಷ ಓಡುತ್ತದೆ, ಎರಡನೇ ವರ್ಷ ಕರೆಂಟ್ ಬಿಲ್ ನೋಡಿ ಬಂದ್ ಮಾಡುತ್ತಾರೆ, ಮೂರನೇ ವರ್ಷ ಆ ಕೋಣೆಯಲ್ಲಿ ಹಳೆ ಸೈಕಲ್ ನಿಂತಿರುತ್ತವೆ. ಪೈಪು ಹಾಗಲ್ಲ. ಗೋಡೆಯೊಳಗೆ ಸೇರಿದ ಮೇಲೆ ಐವತ್ತು ವರ್ಷ ಇರುತ್ತದೆ. ಮೊದಲೇ ಬೇರೆ ಮಾಡದೆ ಬಚ್ಚಲ ನೀರನ್ನೂ ಸಂಡಾಸಿನ ನೀರನ್ನೂ ಒಂದೇ ಕೊಳವೆಯಲ್ಲಿ ಇಳಿಸಿದರೆ ಆಮೇಲೆ ಟೈಲ್ಸ್ ಒಡೆಯದೆ ಏನೂ ಮಾಡಲಾಗದು. ಕಟ್ಟುವಾಗಲಾದರೆ ಒಂದು ಹೆಚ್ಚಿನ ಕೊಳವೆ, ಒಂದೆರಡು ದಿನದ ಪ್ಲಂಬರ್ ಕೂಲಿ, ಅಷ್ಟೇ.

ಆ 135 ಲೀಟರಿನ ಒಳಗನ್ನು ಬಿಡಿಸಿ ನೋಡಿ: ಸ್ನಾನಕ್ಕೆ 55, ಬಟ್ಟೆಗೆ 20, ಸಂಡಾಸಿನ ಫ್ಲಶ್‌ಗೆ 30, ಪಾತ್ರೆಗೆ 10, ಮನೆ ಒರೆಸಲು 10, ಅಡುಗೆಗೆ 5, ಕುಡಿಯಲು 5. ಸ್ನಾನದ ನೀರೊಂದೇ ಫ್ಲಶ್‌ಗೆ ಬೇಕಾದ್ದಕ್ಕಿಂತ ಹೆಚ್ಚು. ತುಂಗಭದ್ರೆಯಿಂದ ಎತ್ತಿ, ಸೋಸಿ, ಕ್ಲೋರಿನ್ ಹಾಕಿ, ಮೈಲುಗಟ್ಟಲೆ ತಳ್ಳಿಕೊಂಡು ಬಂದ ನೀರನ್ನು ನಾವು ಸಂಡಾಸಿಗೆ ಸುರಿಯುತ್ತಿದ್ದೇವೆ. 20 ಫ್ಲ್ಯಾಟಿನ ಕಟ್ಟಡದಲ್ಲಿ ಫ್ಲಶ್ ಒಂದಕ್ಕೇ ದಿನಕ್ಕೆ 3,000 ಲೀಟರ್, ಹೆಚ್ಚುಕಮ್ಮಿ ಎರಡು ದಿನಕ್ಕೊಂದು ಟ್ಯಾಂಕರ್. ಪಾತ್ರೆ ತೊಳೆದ ನೀರನ್ನು ಮಾತ್ರ ಈ ಲೆಕ್ಕಕ್ಕೆ ತರಬೇಡಿ. ಜಿಡ್ಡು, ಅನ್ನದಗುಳು ಸೇರಿದರೆ ಸೋಸುವ ಮರಳು ವಾರದಲ್ಲೇ ಕಟ್ಟಿಕೊಳ್ಳುತ್ತದೆ. ಬಚ್ಚಲ ನೀರನ್ನೂ 24 ಗಂಟೆಗಿಂತ ಹೆಚ್ಚು ಕೂಡಿಡಬಾರದು, ನಾರುತ್ತದೆ. ಕೂಡಿಡುವ ತೊಟ್ಟಿ ಸಣ್ಣದಿರಲಿ, ಹೆಚ್ಚಾದದ್ದು ತಾನೇ ಯುಜಿಡಿಗೆ ಹೋಗಲಿ.

ಒಂದು ವಿಷಯದಲ್ಲಿ ಮಾತ್ರ ಉಪವಿಧಿ ಸ್ವಲ್ಪವೂ ಸಡಿಲವಿರಬಾರದು: ಈ ನೀರಿನ ಪೈಪು ಕುಡಿಯುವ ನೀರಿನ ಪೈಪಿಗೆ ಎಲ್ಲಿಯೂ ತಾಗಕೂಡದು. 2022ರಲ್ಲಿ ರಾಯಚೂರು ನಗರದಲ್ಲಿ ನಳದ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ನಾವು ಮರೆತಿಲ್ಲ. ಅದಕ್ಕೂ ಬೂದು ನೀರಿಗೂ ಸಂಬಂಧವಿಲ್ಲ. ಆದರೆ ಕುಡಿಯುವ ನೀರಿನೊಳಗೆ ಕೊಳೆ ಹೊಕ್ಕರೆ ಏನಾಗುತ್ತದೆ ಎಂದು ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಫ್ಲಶ್ ತೊಟ್ಟಿಗೆ ನೀರು ಸಾಲದೆ ನಳದ ನೀರು ಬಿಡಬೇಕಾದರೆ ಆ ಪೈಪಿನ ಬಾಯಿ ತೊಟ್ಟಿಯ ನೀರಿನ ಮಟ್ಟಕ್ಕಿಂತ ಗೇಣಷ್ಟು ಮೇಲಿರಬೇಕು, ನೀರು ಗಾಳಿಯಲ್ಲಿ ಹಾದು ಬೀಳಬೇಕು. ವಾಲ್ವ್ ಹಾಕಿ ಎರಡನ್ನೂ ಸೇರಿಸಿದ್ದೇವೆ ಎಂದರೆ ಒಪ್ಪಬೇಡಿ. ವಾಲ್ವ್ ಸೋರದೆ ಇರುವುದಿಲ್ಲ. ಮರುಬಳಕೆ ಪೈಪಿಗೆ ನೇರಳೆ ಬಣ್ಣ ಬಳಿಯುವ ರೂಢಿಯಿದೆ, ಅದನ್ನೂ ಬರೆಯಿಸಿ. ತಪಾಸಣೆಗೆ ಬರುವ ಎಂಜಿನಿಯರ್ ಯಂತ್ರ ತರಬೇಕಿಲ್ಲ. ಮರುಬಳಕೆ ತೊಟ್ಟಿಗೆ ಬಟ್ಟೆಗೆ ಹಾಕುವ ನೀಲಿ ಒಂದು ಸಣ್ಣ ಬಾಟಲಿ ಸುರಿದು, ಎಲ್ಲ ಮಹಡಿಗಳ ಫ್ಲಶ್ ಒತ್ತಿಸಿ, ಅರ್ಧ ಗಂಟೆ ಬಿಟ್ಟು ಅಡುಗೆಮನೆ ನಳಗಳನ್ನು ಬಿಳಿ ಬಕೆಟ್‌ಗೆ ಬಿಟ್ಟು ನೋಡಲಿ. ಸಂಡಾಸಿನಲ್ಲಿ ನೀಲಿ ಬಂದು ಬಕೆಟ್‌ನಲ್ಲಿ ಬಾರದಿದ್ದರೆ ಪಾಸ್.

ಈ ತಪಾಸಣೆ ಯಾವಾಗ ಎಂಬುದೇ ಜೀವಾಳ. ಪರವಾನಗಿ ಕೊಡುವಾಗ ನಕ್ಷೆಯಲ್ಲಿ ಮಳೆನೀರಿನ ಗುಂಡಿ ಅಂದವಾಗಿ ಬರೆದಿರುತ್ತದೆ. ಕಟ್ಟಡ ಮುಗಿದ ಮೇಲೆ ಆ ಜಾಗದಲ್ಲಿ ಕಾರು ನಿಂತಿರುತ್ತದೆ. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸ್ವಾಧೀನ ಪ್ರಮಾಣಪತ್ರ (ಓಸಿ) ತೋರಿಸಿದ ಮೇಲೆಯೇ ಕರೆಂಟ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ಹೇಳಿದೆ. ಸಣ್ಣ ಮನೆಗಳಿಗೆ ರಾಜ್ಯ ಕೊಡುವ ವಿನಾಯಿತಿ ಬೇರೆ ಮಾತು. ಅಪಾರ್ಟ್‌ಮೆಂಟ್, ಲಾಡ್ಜ್, ಕಲ್ಯಾಣ ಮಂಟಪ, ಹಾಸ್ಟೆಲ್‌ಗಳ ಮೇಲೆ ಈ ಹಿಡಿತ ಸಾಕು. ಓಸಿಗೆ ಮುಂಚೆ ಆ ನೀಲಿ ಪರೀಕ್ಷೆ, ಮಳೆನೀರಿನ ಪೈಪು ಗುಂಡಿಗೆ ನಿಜವಾಗಿ ಇಳಿದಿದೆಯೇ ಎಂದು ತಾರಸಿಯ ಮೇಲೆ ಒಂದು ಬಕೆಟ್ ನೀರು ಸುರಿದು ನೋಡುವುದು, ಇಷ್ಟನ್ನೇ ಉಪವಿಧಿಯಲ್ಲಿ ಬರೆಯಿಸಿದರೂ ನಿಮ್ಮ ಅರ್ಜಿ ಸಾರ್ಥಕ.

ಹಳೆಯ ಕಟ್ಟಡಗಳ ಮೇಲೆ ಕೈ ಹಾಕಲು ಹೋಗಬೇಡಿ. ಬೆಂಗಳೂರಿನಲ್ಲಿ ಹಳೆಯ ಮನೆಗಳಿಗೂ ಮಳೆನೀರು ಕೊಯ್ಲು ಅನ್ವಯವಾದದ್ದು ಶಾಸನಸಭೆ ಕಾಯ್ದೆಯನ್ನೇ ತಿದ್ದಿದ್ದರಿಂದ. ನಗರಸಭೆಯ ಉಪವಿಧಿಗೆ ಅಷ್ಟು ಹಿಂದಕ್ಕೆ ಹೋಗುವ ಬಲವಿಲ್ಲ. ಆದರೆ ಹಳೆಯ ಕಟ್ಟಡದ ಬಚ್ಚಲ ನೀರು ರಸ್ತೆಗೆ ಬರುತ್ತಿದ್ದರೆ ಅದು ನೈರ್ಮಲ್ಯದ ವಿಷಯ, ನೋಟಿಸ್ ಕೊಡಲು ಹೊಸ ಉಪವಿಧಿ ಏನೂ ಬೇಡ. ಗಟಾರ ಕಟ್ಟಲು ಹಣವಿಲ್ಲ ಎಂದು ನಗರಸಭೆಯೂ ನುಣುಚಿಕೊಳ್ಳುವಂತಿಲ್ಲ. ಮಧ್ಯಪ್ರದೇಶದ ರತ್ಲಾಮ್ ಪುರಸಭೆಯ ಪ್ರಕರಣದಲ್ಲಿ 1980ರಲ್ಲೇ ಸುಪ್ರೀಂ ಕೋರ್ಟು ಈ ನೆಪವನ್ನು ತಳ್ಳಿಹಾಕಿದೆ. ಹಣದ ಮಾತಿಗೆ ಬಂದರೆ, 2021-26ರ ಅವಧಿಯ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಒಂದು ಪಾಲನ್ನು ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆಂದೇ ಕಟ್ಟಿಹಾಕಿದ್ದರು. ನಿಮ್ಮ ಸಂಸ್ಥೆಗೆ ಅದರಲ್ಲಿ ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಎಂಬುದನ್ನೂ ಆ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಸೇರಿಸಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೂ ಪ್ರಸ್ತಾವ ಕಳಿಸಬಹುದು. ಶಾಲೆ, ಕಚೇರಿಗಳ ಸರ್ಕಾರಿ ಕಟ್ಟಡಗಳಿಂದ ಆರಂಭಿಸಿ ಎಂದು ಕೇಳಿ. ತನ್ನ ಕಟ್ಟಡದಲ್ಲಿ ಮಾಡದ ಕಚೇರಿ ಊರಿಗೆ ನೋಟಿಸ್ ಕೊಟ್ಟರೆ ಜನ ನಗುತ್ತಾರೆ.

ನಗರಸಭೆಯ ಕೈ ಮೀರಿದ್ದೂ ಇದೆ. ಬೋರ್‌ವೆಲ್ ವಿಷಯ 2011ರ ಅಂತರ್ಜಲ ಕಾಯ್ದೆಯಡಿಯ ಪ್ರಾಧಿಕಾರಕ್ಕೆ ಸೇರಿದ್ದು. 20,000 ಚದರ ಮೀಟರ್ ಮತ್ತು ಹೆಚ್ಚಿನ ನಿರ್ಮಾಣಕ್ಕೆ ಪರಿಸರ ಅನುಮತಿ ಬೇಕು. ಉದ್ದಿಮೆಯ ಕೊಳೆನೀರು ಮಾಲಿನ್ಯ ನಿಯಂತ್ರಣ ಮಂಡಳಿಯ ಸುಪರ್ದಿ. ಇದನ್ನೇಕೆ ಹೇಳುತ್ತೇನೆಂದರೆ, ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದಲ್ಲಿ ತಲೆಗೂದಲು ಸಂಸ್ಕರಿಸುವ ಉದ್ಯಮ ಬೆಳೆದಿದೆ. ಕೂದಲು ತೊಳೆದ ನೀರು ನೋಡಲು ಬಚ್ಚಲ ನೀರಿನಂತೆಯೇ ಕಂಡರೂ ಕಾನೂನಿನ ಕಣ್ಣಿಗೆ ಅದು ಉದ್ದಿಮೆಯ ತ್ಯಾಜ್ಯ. ಮನೆಯ ಬೂದು ನೀರಿನ ಉಪವಿಧಿಯೊಳಗೆ ಇಂಥದ್ದು ನುಸುಳದಂತೆ ಕರಡಿನಲ್ಲೇ ಬಿಡಿಸಿ ಬರೆಯಿಸಿ.

ಇನ್ನು ನಿಮ್ಮ ಮನೆ. ಮೊದಲು ಮಣ್ಣು ನೋಡಿ. ಮಸಾರಿಯಾದರೆ ನೀರು ಇಂಗುತ್ತದೆ. ಎರಿ ಮಣ್ಣಾದರೆ ಹುಷಾರು: ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಪಾಯದ ಪಕ್ಕದಲ್ಲೇ ಬಚ್ಚಲು ಗುಂಡಿ ತೋಡಿ ಗೋಡೆ ಸೀಳಿಕೊಂಡ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಮೂಲೆಯಿಂದ ಮೇಲಕ್ಕೆ ಓರೆಯಾಗಿ ಹೋದ ಬಿರುಕು ಕಂಡರೆ ಗೌಂಡಿಯನ್ನು ಬೈಯುವ ಮೊದಲು ಗುಂಡಿ ಎಲ್ಲಿದೆ ನೋಡಿ. ಪಾಯದಿಂದ ಕನಿಷ್ಠ ಹತ್ತು ಅಡಿ ದೂರವಿರಲಿ, ಗರಸು ಸಿಗುವತನಕ ತೋಡಲಿ, ಬೋರ್‌ನಿಂದ ಐವತ್ತು ಅಡಿಯಾದರೂ ಆಚೆಗಿರಲಿ. 30×40ರಲ್ಲಿ ಅಷ್ಟು ಜಾಗ ಸಿಗದಿದ್ದರೆ ಇಂಗಿಸುವ ಆಸೆ ಬಿಟ್ಟು ಬಚ್ಚಲ ನೀರನ್ನು ಬಾಳೆ, ಕೆಸುವಿನ ಮಡಿಗೆ ಹಾಯಿಸಿ. ಸೋಪಿನ ಪುಡಿಯ ಸೋಡಿಯಂ ಎರಿ ಮಣ್ಣನ್ನು ಇನ್ನಷ್ಟು ಗಟ್ಟಿ ಮಾಡುವುದರಿಂದ ಆಗಾಗ ಮಡಿ ಬದಲಿಸಬೇಕು, ಗೊಬ್ಬರ ಕೊಡಬೇಕು.

ಮಳೆನೀರನ್ನಾದರೋ ಇಂಗಿಸಬೇಡಿ, ಕೂಡಿಡಿ. ಕುಷ್ಟಗಿ, ಯಲಬುರ್ಗಾ ಕಡೆಯ ಬೋರ್ ನೀರಿನಲ್ಲಿ ಫ್ಲೋರೈಡ್ ತೊಂದರೆ ಇರುವುದು ನಿಮಗೆ ಗೊತ್ತೇ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ತಕ್ಕದ್ದಲ್ಲ. ಮಳೆನೀರಿನಲ್ಲಿ ಆ ಭಯವಿಲ್ಲ. ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. 900 ಚದರಡಿ ತಾರಸಿಯಿಂದ, ಆವಿ, ಸೋರಿಕೆ ಕಳೆದು 40,000 ಲೀಟರ್ ಹಿಡಿಯಬಹುದು. ಐದು ಜನರ ಕುಡಿಯುವ, ಅಡುಗೆಯ ನೀರು ದಿನಕ್ಕೆ 50 ಲೀಟರ್, ವರ್ಷಕ್ಕೆ 18,250. ಅಂದರೆ ತಾರಸಿಯ ಅರ್ಧ ಮಳೆ ವರ್ಷದ ಅಡುಗೆಗೆ ಸಾಕು. ಮುಂಗಾರಿನ ಮೊದಲ ಮಳೆಯನ್ನು ಹೊರಗೆ ಬಿಡುವ ವ್ಯವಸ್ಥೆ ಇರಲಿ. ಕಾರ್ಖಾನೆ ದೂಳು ಬೀಳುವ ಗಿಣಿಗೇರಾ ಕಡೆಯಾದರೆ ಎರಡು ಮಳೆ ಬಿಡಿ. ನಳದ ನೀರಿಗೆ ಒಂದು, ಮಳೆನೀರಿಗೆ ಒಂದು, ಎರಡು ಬೇರೆ ಸಂಪು. ಮಳೆ ಸಂಪು 10,000 ಲೀಟರಿನದಾದರೆ ಇನ್ನೂರು ದಿನ ನಡೆಯುತ್ತದೆ. ಬೆಳಕು ಬೀಳದಂತೆ ಮುಚ್ಚಳ ಬಿಗಿಯಾಗಿರಲಿ, ಕುಡಿಯುವುದು ಕಾಯಿಸಿಯೇ.

ಬೂದು ನೀರಿಗೆ ಈಗಲೇ ಸೋಸುವ ತೊಟ್ಟಿ ಕಟ್ಟಿಸಲು ಹಣ ಹೊಂದದಿದ್ದರೂ ಚಿಂತೆಯಿಲ್ಲ. ಬಚ್ಚಲು ಮತ್ತು ಬಟ್ಟೆ ಒಗೆಯುವ ಜಾಗದ ಕೊಳವೆಯನ್ನು ಸಂಡಾಸಿನದರಿಂದ ಬೇರೆ ಇಳಿಸಿ, ನೆಲಮಟ್ಟದಲ್ಲಿ ಒಂದು ಚೇಂಬರ್ ಕಟ್ಟಿಸಿ, ಅಲ್ಲಿಂದ ಸದ್ಯಕ್ಕೆ ಯುಜಿಡಿಗೆ ಸೇರಿಸಿ. ಮೇಲಿನ ಸಿಂಟೆಕ್ಸ್‌ನಿಂದ ಫ್ಲಶ್ ಟ್ಯಾಂಕುಗಳಿಗೆ ಒಂದು ಪ್ರತ್ಯೇಕ ಲೈನು ಎಳೆಸಿಡಿ. ತಾರಸಿಯ ಮೇಲೆ ಇನ್ನೊಂದು ಸಣ್ಣ ಟ್ಯಾಂಕು ಕೂರುವಷ್ಟು ಜಾಗ ಬಿಡಿಸಿ. ಪ್ಲಾಸ್ಟರ್ ಆಗುವ ಮುನ್ನ ಎಲ್ಲ ಗೋಡೆಗಳ ಫೋಟೊ ತೆಗೆದಿಟ್ಟುಕೊಳ್ಳಿ, ಪಕ್ಕದಲ್ಲಿ ಅಳತೆ ಪಟ್ಟಿ ಹಿಡಿದು. ಮುಂದೆ ಬರುವ ಪ್ಲಂಬರ್ ಬೇರೆಯವನೇ ಆಗಿರುತ್ತಾನೆ.